ಕಂಟ್ರೋಲ್ ಸಿ, ಕಂಟ್ರೋಲ್ ವಿ ಇದ್ದಕ್ಕಿದ್ದಂತೆ ನಿಂತುಹೋಗಿವೆ

ಪ್ರಶ್ನೆ: ವಿಂಡೋಸ್ 11. ಕಾಪಿ, ಪೇಸ್ಟ್ ಶಾರ್ಟ್‌ಕಟ್ ನಿನ್ನೆಯಿಂದ ನಡೆಯುತ್ತಿಲ್ಲ. ಅಕ್ಷರಗಳೇನೋ ಸರಿಯಾಗೇ ಬೀಳುತ್ತಿವೆ, ಮೌಸ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ಕಾಪಿನೂ ಆಗುತ್ತೆ. ರೀಸ್ಟಾರ್ಟ್ ಮಾಡಿ ಆಯ್ತು. ಕೀಬೋರ್ಡ್ ಬದಲಿಸಬೇಕಾ?

ಉತ್ತರ 1: ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಬಲಗಡೆ ಕಂಟ್ರೋಲ್ ಒತ್ತಿ ನೋಡಿ. ಅದರಲ್ಲಿ ನಡೆದರೆ ಎಡಗಡೆಯದೇ ಕೆಟ್ಟಿದೆ, ಇಲ್ಲಾ ಕೆಳಗೆ ಕಸ ಕೂತಿದೆ. ಇನ್ನೂ ಅನುಮಾನ ಇದ್ದರೆ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದಿಟ್ಟು ನಿಮ್ಮ ಕೀಬೋರ್ಡಿನ ಕೀ ಒತ್ತಿ, ಒತ್ತಿದ ಕೀ ಪರದೆ ಮೇಲೆ ಬಣ್ಣ ಬದಲಿಸಬೇಕು.

ಉತ್ತರ 2: ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಸ್ಟಿಕಿ ಕೀಸ್ (ಕೀಗಳನ್ನು ಒಟ್ಟಿಗೆ ಹಿಡಿಯದೆ ಒಂದಾದಮೇಲೊಂದು ಒತ್ತೋ ಸೌಲಭ್ಯ), ಫಿಲ್ಟರ್ ಕೀಸ್ (ಕೀಯನ್ನು ಬೇಗ ಒತ್ತಿ ಬಿಟ್ಟರೆ ಲೆಕ್ಕಕ್ಕೆ ತಗೊಳ್ಳದಿರೋದು) ಆಫ್ ಇದೆಯಾ ನೋಡಿ. ಶಿಫ್ಟ್ 5 ಸಲ ಒತ್ತಿದರೆ ಮೊದಲನೆಯದು, ಬಲಗಡೆ ಶಿಫ್ಟ್ 8 ಸೆಕೆಂಡ್ ಹಿಡಿದರೆ ಎರಡನೆಯದು ಆನ್ ಮಾಡಲಾ ಅಂತ ಕೇಳುತ್ತೆ, ಓದದೇ ಎಸ್ ಒತ್ತುವವರೇ ಜಾಸ್ತಿ ಅಲ್ವಾ! ಅಕ್ಷರ ಸರಿಯಾಗಿ ಬೀಳುತ್ತಿದೆ ಅಂದಮೇಲೆ ಫಿಲ್ಟರ್ ಕೀಸ್ ಇರಲಾರದು.

ಪ್ರಶ್ನೆ ಕೇಳಿದವರು: ಎರಡೂ ಆಫ್ ಇವೆ. ಎರಡೂ ಕಂಟ್ರೋಲ್ ಬಣ್ಣ ಬದಲಿಸುತ್ತಿವೆ, ಸಿ, ವಿ ಕೂಡ.

ಉತ್ತರ 3: ಹಾಗಾದರೆ ಕೀಬೋರ್ಡ್ ಚೆನ್ನಾಗೇ ಇದೆ. ಯಾವುದೋ ಪ್ರೋಗ್ರಾಂ ನಡುವೆ ಕೈ ಹಾಕಿ ಶಾರ್ಟ್‌ಕಟ್ ಕಿತ್ತುಕೊಳ್ಳುತ್ತಿದೆ. ಸ್ಕ್ರೀನ್‌ಶಾಟ್ ತೆಗೆಯೋದು, ಕ್ಲಿಪ್‌ಬೋರ್ಡ್ ಹಿಸ್ಟರಿ (ಕಾಪಿ ಮಾಡಿದ್ದರ ಪಟ್ಟಿ) ಇಡೋದು, ಇಂಥವು ಕಂಪ್ಯೂಟರ್ ಆನ್ ಆದ ತಕ್ಷಣ ತಾವೇ ಶುರುವಾಗುತ್ತವೆ, ಅದಕ್ಕೇ ರೀಸ್ಟಾರ್ಟ್‌ನಿಂದ ಏನೂ ಆಗಿಲ್ಲ. ಗಡಿಯಾರದ ಪಕ್ಕದ ಐಕಾನ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ, ಪ್ರತಿ ಸಲ ನೋಟ್‌ಪ್ಯಾಡ್‌ನಲ್ಲಿ ಕಾಪಿ ಮಾಡಿ ನೋಡಿ.

ಪ್ರಶ್ನೆ ಕೇಳಿದವರು: ಸಿಕ್ತು! ಕ್ಲಿಪ್‌ಬೋರ್ಡ್ ಪ್ರೋಗ್ರಾಂ. ಅದರ ಹಾಟ್‌ಕೀ (ಅದು ಹಿಡಿದಿಟ್ಟಿದ್ದ ಶಾರ್ಟ್‌ಕಟ್) ಬದಲಿಸಿದೆ, ಈಗ ಕಾಪಿ, ಪೇಸ್ಟ್ ಎರಡೂ ಓಡುತ್ತಿವೆ.