ಮೊದಲ ಸಲ ರಾಕ್ ಶೋಗೆ ಹೋಗ್ತಿದೀವಿ, ಎಲ್ಲಿ ನಿಂತ್ಕೊಂಡ್ರೆ ಒಳ್ಳೇದು?

ಕೇಳಿದ್ದು, ವಿಜಯನಗರದಿಂದ: ನಾನು, ಪಿಯುಸಿ ಓದ್ತಿರೋ ನನ್ನ ತಂಗಿ, ಇಬ್ರೂ ಮುಂದಿನ ತಿಂಗಳು ತುಮಕೂರು ರೋಡ್ ಮಾದಾವರ ಕಡೆ ಗ್ರೌಂಡಲ್ಲಿ ಆಗೋ ಒಂದು ರಾಕ್ ಶೋಗೆ ಹೋಗ್ಬೇಕು ಅಂತಿದೀವಿ. ಗಣೇಶನ ಹಬ್ಬದ ಆರ್ಕೆಸ್ಟ್ರಾ ಬಿಟ್ರೆ ಲೈವ್ ಅಂತ ಏನೂ ನೋಡಿಲ್ಲ. ಸ್ಟೇಜ್ ಮುಂದಿನ ಫ್ಯಾನ್ ಪಿಟ್ ಟಿಕೆಟ್ ಜನರಲ್‌ಗಿಂತ ಡಬಲ್ ಇದೆ, ಕೊಡಬಹುದಾ? ತಂಗಿ ಐದಡಿನೂ ಇಲ್ಲ. ಅಮ್ಮ ಬೇರೆ ಕಿವಿ ಹಾಳಾಗುತ್ತೆ ಅಂತ ಒಂದೇ ಸಮ ಹೇಳ್ತಿದಾರೆ. ಹೋಗಿಬಂದಿರೋರು ದಯವಿಟ್ಟು ಹೇಳಿ.

ಹನುಮಂತನಗರದಿಂದ: ಡಬಲ್ ದುಡ್ಡು ಕೊಟ್ಟು ಮುಂದೆ ಹೋಗ್ಬೇಡಿ, ಅದೂ ಮೊದಲನೇ ಸಲಕ್ಕೆ. ನಾನು ಮೊದಲು ಹೋಗಿದ್ದು 2007ರ ಮಾರ್ಚಲ್ಲಿ, ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡ್ ಅರಮನೆ ಮೈದಾನಕ್ಕೆ ಬಂದಾಗ, ಆಗಿನ್ನೂ ಕಾಲೇಜು, ಮಧ್ಯಾಹ್ನನೇ ಹೋಗಿ ಕ್ಯೂ ನಿಂತು ಗೇಟ್ ತೆಗೆದಿದ್ದೇ ತಡ ಓಡಿಹೋಗಿ ಬ್ಯಾರಿಕೇಡ್ ಹಿಡ್ಕೊಂಡಿದ್ದೆ. ಆ ಖುಷಿ ಸುಳ್ಳಲ್ಲ. ಪಕ್ಕದೋನು ಯಾರು ಅಂತಾನೇ ಗೊತ್ತಿಲ್ಲ, ಇಬ್ರೂ ಹೆಗಲ ಮೇಲೆ ಕೈ ಹಾಕ್ಕೊಂಡು ಗಿಟಾರ್ ಟ್ಯೂನನ್ನೇ ಓಓಓ ಅಂತ ಗಂಟಲು ಕಿತ್ತೋಗೋ ಹಾಗೆ ಹಾಡಿದ್ವಿ, ನಂಗೆ ಕಣ್ಣಲ್ಲಿ ನೀರೇ ಬಂತು. ಆದ್ರೆ ಹಾಡು ಸರಿಯಾಗಿ ಕೇಳಿಸ್ಲೇ ಇಲ್ಲ. ದೊಡ್ಡ ಸ್ಪೀಕರ್ ಸಾಲು ಸ್ಟೇಜಿನ ಎರಡೂ ಕಡೆ ಎತ್ತರದಲ್ಲಿ ನೇತಾಕಿರ್ತಾರೆ, ಅದರ ಸೌಂಡ್ ಮುಂದಿರೋರ ತಲೆ ಮೇಲೇ ಹಾದು ಹಿಂದಕ್ಕೆ ಹೋಗುತ್ತೆ, ಕೆಳಗಿಟ್ಟಿರೋ ಸಬ್ ವೂಫರ್ ಮಾತ್ರ ದಪದಪ ಅಂತ ಎದೆಗೆ ಗುದ್ದುತ್ತೆ, ಹಾಡೋನ ಮಾತು ಮಸುಕು.

ಎಲ್ಲಿ ನಿಂತ್ರೆ ಚೆನ್ನಾಗಿ ಕೇಳ್ಸುತ್ತೆ ಅಂತ ಗೊತ್ತಾಗಿದ್ದು 2011 ಅಕ್ಟೋಬರ್ 30ಕ್ಕೆ, ಅಮೆರಿಕದ ಮೆಟಾಲಿಕಾ ಬ್ಯಾಂಡ್ ಬಂದಾಗ. ಎರಡು ದಿನ ಮುಂಚೆ ಗುರ್ಗಾಂವ್ ಶೋ ಕ್ಯಾನ್ಸಲ್ ಆಗಿತ್ತು, ಇಲ್ಲೂ ಏನಾಗುತ್ತೋ ಅಂತ ಹೊಟ್ಟೇಲಿ ಒಂಥರಾ ಸಂಕಟ. ಮಳೆಗೆ ಅರಮನೆ ಮೈದಾನ ಕೆಸರಾಗಿ ಕಾಲೆತ್ತಿದ್ರೆ ಪಚಕ್ ಅಂತಿತ್ತು. ತಳ್ಳಾಟ ತಡೀಲಾರದೆ ಹಿಂದಕ್ಕೆ ಬಂದು ಸೌಂಡ್ ಕನ್ಸೋಲ್ ಟೆಂಟ್ ಪಕ್ಕ ನಿಂತೆ ನೋಡಿ, ಬೇಸ್ ಬೇರೆ, ಎರಡು ಗಿಟಾರ್ ಬೇರೆ ಬೇರೆ, ಎಲ್ಲಾ ಬಿಡಿಬಿಡಿಯಾಗಿ ಕೇಳಿಸ್ತು. ಸೌಂಡ್ ಇಂಜಿನಿಯರ್ ಮಿಕ್ಸ್ ಮಾಡೋದೇ ಅಲ್ಲಿ ನಿಂತು, ತನ್ನ ಕಿವಿಗೆ ಸರಿ ಅನ್ಸೋ ಹಾಗೆ, ಇಡೀ ಗ್ರೌಂಡಲ್ಲಿ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಸುತ್ತ ಬೇಲಿ ಇರುತ್ತೆ, ತಂಗಿ ಒರಗಿಕೊಂಡು ನಿಲ್ಲಬಹುದು. ಟಿಕೆಟ್ ತಗೊಳೋಕ್ ಮುಂಚೆ ಲೇಔಟ್ ಮ್ಯಾಪ್ ನೋಡಿ ಆ ಟೆಂಟ್ ಯಾವ ಟಿಕೆಟ್‌ನೋರ ಜಾಗದಲ್ಲಿದೆ ಅಂತ ತಿಳ್ಕೊಳಿ. ತೀರಾ ಹಿಂದೆನೂ ಬೇಡ, ಸೌಂಡ್ ಹೋಗೋದು ಸೆಕೆಂಡಿಗೆ ಹತ್ತತ್ರ 340 ಮೀಟರ್, ನೂರು ಮೀಟರ್ ದೂರ ಇದ್ರೆ ಸ್ಕ್ರೀನಲ್ಲಿ ಡ್ರಮ್ಮರ್ ಕೋಲು ಬಿದ್ದಾದ್ಮೇಲೆ ಏಟು ಕೇಳ್ಸುತ್ತೆ.

ಮಲ್ಲೇಶ್ವರದಿಂದ: ಅಮ್ಮ ಹೇಳ್ತಿರೋದು ನಿಜ ರೀ. ಮೊದಲ ಶೋ ಆದ್ಮೇಲೆ ನಂಗೆ ಎರಡು ದಿನ ಕಿವೀಲಿ ಗುಂಯ್ ಅಂತಿತ್ತು, ಅಮ್ಮ ಕುಕ್ಕರ್ ವಿಷಲ್ ಎಷ್ಟಾಯ್ತು ಅಂದ್ರೆ ಹೇಳೋಕೆ ಆಗ್ತಿರ್ಲಿಲ್ಲ, ರಾತ್ರಿ ಮಲಗಿದ್ರೆ ಭಯ ಆಗ್ತಿತ್ತು. 85 ಡೆಸಿಬೆಲ್ ಆದ್ರೆ ಎಂಟು ಗಂಟೆ ತಡೆಯಬಹುದು ಅಂತಾರೆ, ಅದೇ 100 ಆದ್ರೆ ಬರೀ 15 ನಿಮಿಷ, ರಾಕ್ ಶೋ ಸುಲಭವಾಗಿ 100 ದಾಟುತ್ತೆ. ಮೆಡಿಕಲ್ ಶಾಪಲ್ಲಿ ಫೋಮ್ ಇಯರ್ ಪ್ಲಗ್ ಸಿಗುತ್ತೆ. ಸುಮ್ನೆ ತುರುಕಿದ್ರೆ ಪ್ರಯೋಜನ ಇಲ್ಲ. ಬೆರಳಲ್ಲಿ ಹೊಸೆದು ಬತ್ತಿ ಥರ ಸಣ್ಣ ಮಾಡಿ, ಇನ್ನೊಂದು ಕೈನ ತಲೆ ಹಿಂದಿಂದ ತಂದು ಕಿವಿನ ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ಹಾಕಿ, ಅದು ಉಬ್ಬೋತನಕ ಅರ್ಧ ನಿಮಿಷ ಒತ್ತಿ ಹಿಡ್ಕೊಳಿ. ಹಾಡು ಕೇಳ್ಸುತ್ತೆ, ಚುಚ್ಚೋದು ಮಾತ್ರ ನಿಲ್ಲುತ್ತೆ. ತಂಗಿಗೆ ಖಂಡಿತ ಹಾಕ್ಸಿ.

ದಾಸರಹಳ್ಳಿಯಿಂದ: ರಾತ್ರಿ ಹತ್ತರ ಮೇಲೆ ಹೊರಗಡೆ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ, ಹಾಗಾಗಿ ಶೋ ಹತ್ತಕ್ಕೆ ಮುಗಿಯುತ್ತೆ, ಎಲ್ರೂ ಒಂದೇ ಸಲ ಹೊರಗೆ ಬರ್ತಾರೆ, ಆಗ ಕ್ಯಾಬ್ ಆಟೋ ಯಾವ್ದೂ ಸಿಗಲ್ಲ. 2024ರ ನವೆಂಬರಿಂದ ಮೆಟ್ರೋ ಹಸಿರು ಲೈನ್ ಮಾದಾವರದ ತನಕ ಬಂದಿದೆ, ಅದರಲ್ಲೇ ಹೋಗಿ ಬನ್ನಿ, ಮೆಜೆಸ್ಟಿಕಲ್ಲಿ ನೇರಳೆ ಲೈನಿಗೆ ಬದಲಾಯಿಸಿದ್ರೆ ವಿಜಯನಗರ. ವಾಪಸ್ ಬರೋದಕ್ಕೆ ಕಾರ್ಡಲ್ಲಿ ದುಡ್ಡು ಮೊದಲೇ ಹಾಕ್ಸಿಟ್ಕೊಳಿ. ಆವತ್ತು ಕೊನೇ ರೈಲು ಎಷ್ಟೊತ್ತಿಗೆ ಅಂತ ನೋಡ್ಕೊಂಡೇ ಹೊರಡಿ. ಚಪ್ಪಲಿ ಬೇಡವೇ ಬೇಡ, ಶೂ.

ಬಸವನಗುಡಿಯಿಂದ: ಇನ್ನೂ ಒಂದು ತಿಂಗಳು ಇದೆಯಲ್ಲ, ಅಷ್ಟರಲ್ಲಿ ನಮ್ಮೂರ ಬ್ಯಾಂಡ್ ಯಾವುದಾದ್ರೂ ಸಣ್ಣ ಜಾಗದಲ್ಲಿ ನುಡಿಸ್ತಿದ್ರೆ ತಂಗಿನ ಕರ್ಕೊಂಡು ಹೋಗಿ. ಸ್ವರಾತ್ಮ, ಥರ್ಮಲ್ ಅಂಡ್ ಎ ಕ್ವಾರ್ಟರ್, ರಘು ದೀಕ್ಷಿತ್ ಪ್ರಾಜೆಕ್ಟ್, ಯಾವ್ದಾದ್ರೂ ಸರಿ. ಶಿಶುನಾಳ ಷರೀಫರ ಪದನ ರಘು ಡ್ರಮ್ಸ್, ಗಿಟಾರ್ ಜೊತೆ ಎತ್ತಿಕೊಂಡಾಗ ನಮ್ಮಪ್ಪ, ಭಜನೆ ಬಿಟ್ರೆ ಏನೂ ಕೇಳದೋರು, ಕುರ್ಚಿ ಬಿಟ್ಟು ಎದ್ದು ನಿಂತು ಚಪ್ಪಾಳೆ ಹಾಕ್ತಾ ಪೂರ್ತಿ ಹಾಡಿದ್ರು. ನಾನು ಸ್ಟೇಜ್ ನೋಡೋದು ಬಿಟ್ಟು ಅವರನ್ನೇ ನೋಡ್ತಾ ನಿಂತಿದ್ದೆ.

ವಿಜಯನಗರದಿಂದ ಮತ್ತೆ: ಎಲ್ರಿಗೂ ತುಂಬಾ ಥ್ಯಾಂಕ್ಸ್. ಮ್ಯಾಪ್ ನೋಡಿದೆ, ಟೆಂಟ್ ಜನರಲ್ ಜಾಗದಲ್ಲೇ ಇದೆ, ಎರಡು ಟಿಕೆಟ್ ತಗೊಂಡಾಯ್ತು. ಪ್ಲಗ್ ಕೂಡ ತಂದೆ. ತಂಗಿ ಹಾಕ್ಕೊಂಡು ಅಮ್ಮನ ಹತ್ರ ಮಿಕ್ಸಿ ಆನ್ ಮಾಡ್ಸಿದ್ಲು, ಪಕ್ಕದ ಮನೇಲಿ ಚಟ್ನಿ ರುಬ್ತಿರೋ ಹಾಗೆ ಕೇಳ್ಸುತ್ತಂತೆ. ಅಮ್ಮನೂ ಒಂದ್ಸಲ ಹಾಕ್ಕೊಂಡು ನೋಡಿ, ಸರಿ ಹೋಗ್ಬನ್ನಿ ಅಂದ್ರು.