ಬೆಂಚ್ ಪ್ರೆಸ್ 60 ಕಿಲೋ ದಾಟುತ್ತಿಲ್ಲ, ಜಿಮ್‌ಗೆ ಹೋಗೋ ಮನಸ್ಸೂ ಇಲ್ಲ

ಪ್ರಶ್ನೆ
ಬೆಂಚ್ ಪ್ರೆಸ್‌ನಲ್ಲಿ (ಬೆಂಚ್ ಮೇಲೆ ಮಲಗಿ ಬಾರನ್ನು ಎದೆಗೆ ಇಳಿಸಿ ಮೇಲೆತ್ತುವ ವ್ಯಾಯಾಮ) ಕೆಲವು ತಿಂಗಳಿಂದ 60 ಕಿಲೋದಲ್ಲೇ ನಿಂತಿದ್ದೇನೆ. ಎದೆಗೆ ವಾರಕ್ಕೆ ಒಂದೇ ದಿನ. ಪ್ರತಿ ಸೆಟ್ಟನ್ನೂ ಕೈ ಸೋಲುವವರೆಗೆ ಮಾಡುತ್ತೇನೆ. ಮೊದಲ ಸೆಟ್ಟಲ್ಲಿ 8 ರೆಪ್, ಅಂದ್ರೆ 8 ಸಲ ಎತ್ತುತ್ತೇನೆ, ಆಮೇಲಿನದರಲ್ಲಿ 5, ಕೊನೆಯದರಲ್ಲಿ 3. ಮರುದಿನ ಎದೆಗಿಂತ ಭುಜವೇ ಜಾಸ್ತಿ ನೋಯುತ್ತದೆ. ಈಗೀಗ ಜಿಮ್ ಬ್ಯಾಗ್ ನೋಡಿದರೇ ಬೇಜಾರು. ಏನು ಬದಲಾಯಿಸಲಿ?

ಉತ್ತರ
ನಿಮ್ಮ ಶ್ರಮ ಕಡಿಮೆ ಇಲ್ಲ. ಅದೆಲ್ಲ ಮೊದಲ ಸೆಟ್ಟಲ್ಲೇ ಖಾಲಿಯಾಗುತ್ತಿದೆ, ಅಷ್ಟೇ. 8, 5, 3 ಅಂದ್ರೆ ಒಟ್ಟು 16 ರೆಪ್.

ಸದ್ಯಕ್ಕೆ 55 ಕಿಲೋಗೆ ಇಳಿಸಿ. 3 ಸೆಟ್, ತಲಾ 6ರಿಂದ 8 ರೆಪ್, ಆಗ ಒಟ್ಟು 18ರಿಂದ 24 ಆಗುತ್ತೆ. ಇನ್ನೂ ಒಂದೆರಡು ಆಗುತ್ತೆ ಅನ್ನಿಸುವಾಗಲೇ ಬಾರ್ ಇಟ್ಟುಬಿಡಿ. ಸೆಟ್‌ಗಳ ನಡುವೆ 2–3 ನಿಮಿಷ ಬಿಡುವು ಕೊಡಿ. ಮೂರೂ ಸೆಟ್ಟಲ್ಲಿ 8 ಬಂದ ದಿನ, ಮುಂದಿನ ಸಲಕ್ಕೆ ಎರಡೂ ಕಡೆ 1.25 ಕಿಲೋ ಪ್ಲೇಟ್ ಸೇರಿಸಿ. ವಾರಕ್ಕೆ ಎರಡು ದಿನ ಮಾಡಿ.

ಇನ್ನು ಭುಜ. ಬೆಂಚ್ ಮೇಲೆ ಮಲಗಿ, ಬಾರ್ ಎತ್ತುವ ಮೊದಲೇ ಬೆನ್ನಿನ ಮೇಲ್ಭಾಗದ ಎರಡು ಅಗಲ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತನ್ನಿ. ಸೊಂಟದ ಕಡೆಗೆ ಸ್ವಲ್ಪ ಎಳೆದು ಬೆಂಚಿಗೆ ಒತ್ತಿ ಹಿಡಿಯಿರಿ. ಸೆಟ್ ಮುಗಿಯುವ ತನಕ ಆ ಹಿಡಿತ ಬಿಡಬೇಡಿ. ಮೊಣಕೈ ಪೂರ್ತಿ ಅಗಲಕ್ಕೆ ಚಾಚಿರಬಾರದು, ಪಕ್ಕೆಯಿಂದ 45ರಿಂದ 70 ಡಿಗ್ರಿ ಸಾಕು. ಬಾರ್ ಎದೆಯ ಕೆಳಭಾಗಕ್ಕೆ ಇಳಿಯಬೇಕು, ಕುತ್ತಿಗೆ ಕಡೆಗಲ್ಲ. ಭುಜದ ಕೀಲಲ್ಲಿ ಚುಚ್ಚಿದ ಹಾಗೆ ನೋವಿದ್ದರೆ ಮಾತ್ರ ಬೆಂಚ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು
55ಕ್ಕೆ ಇಳಿದರೆ ಹಿಂದಕ್ಕೆ ಹೋದ ಹಾಗಲ್ವಾ? ಮತ್ತೆ ಈ ಬೇಜಾರಿಗೆ ಏನು ಮಾಡೋದು?

ಉತ್ತರ
ಇಲ್ಲ, ಮೇಲೆ ಹೋಗೋಕೆ ಜಾಗ ಮಾಡಿಕೊಳ್ಳುತ್ತಿದ್ದೀರಿ. ಬೇಜಾರಿಗೂ ಇದೇ ಮದ್ದು ಅಂತ ನನ್ನ ನಂಬಿಕೆ. 60 ದಾಟಿತೋ ಇಲ್ಲವೋ ಅಂತ ಮಾತ್ರ ನೋಡಿದರೆ ಪ್ರತಿ ಸಲ ಸೋತು ಮನೆಗೆ ಬರ್ತೀರಿ. ಒಂದು ಪುಸ್ತಕದಲ್ಲಿ ಬರೆದಿಡಿ: ಇವತ್ತು 7, 6, 6. ಮುಂದಿನ ಸಲ 7, 7, 6 ಬಂದರೆ ಅದೂ ಗೆಲುವೇ.

ಮನಸ್ಸಿಲ್ಲದ ದಿನ ಖಾಲಿ ಬಾರ್‌ನಲ್ಲಿ ವಾರ್ಮಪ್ ಮಾತ್ರ ಮಾಡಿ. ಆಮೇಲೂ ಬೇಡ ಅನ್ನಿಸಿದರೆ ಸುಮ್ನೆ ಮನೆಗೆ ಹೋಗಿ. ವಾರಗಟ್ಟಲೆ ಹೀಗೇ ಇದ್ದರೆ ಅದು ಸೋಮಾರಿತನ ಅಲ್ಲ, ದಣಿವು ಇರಬಹುದು. ಒಂದು ವಾರ ಸೆಟ್ ಅರ್ಧಕ್ಕೆ ಇಳಿಸಿ. ನಿದ್ದೆ 7 ಗಂಟೆಗಿಂತ ಕಡಿಮೆ ಬೇಡ. ಪ್ರೋಟೀನ್ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.6 ಗ್ರಾಂ ಹತ್ತಿರ ಇರಲಿ.

ಮುಂದಿನ ಸಲ ಮೊಬೈಲ್ ಪಕ್ಕದಲ್ಲಿಟ್ಟು ಒಂದು ಸೆಟ್ ರೆಕಾರ್ಡ್ ಮಾಡಿ ಹಾಕಿ. ಬಾರ್ ಎಲ್ಲಿ ಇಳಿಯುತ್ತಿದೆ ಅಂತ ನೋಡಿ ಹೇಳ್ತೀನಿ.