ಅಪ್‌ಡೇಟ್: ಪುಸ್ತಕದ ಕಪಾಟಿನ ನಕ್ಷೆ ಸಿದ್ಧವಾಗಿದೆ

ಬದಿಯಡ್ಕದ ನಮ್ಮ ಮನೆಗೆ ಹಲಸಿನ ಮರದಿಂದ ಬಾಗಿಲುಳ್ಳ ಪುಸ್ತಕದ ಕಪಾಟು ಮಾಡಿಸಲು ಅಳತೆಸಹಿತವಾದ ನಕ್ಷೆ ಎಲ್ಲಿ ದೊರೆಯುತ್ತದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು.

ನೀವು ಸೂಚಿಸಿದ ಅಮೆರಿಕದ ಉಚಿತ ನಕ್ಷೆಗಳಲ್ಲಿ ಜೋಡಣೆಯ ಕ್ರಮ ಸ್ಪಷ್ಟವಾಗಿದೆ. ಆದರೆ ಅಲ್ಲಿ ‘ಎರಡು-ನಾಲ್ಕು’ (ಎರಡು ಇಂಚು ದಪ್ಪ, ನಾಲ್ಕು ಇಂಚು ಅಗಲ) ಎಂದು ಮಾರುವ ಮರದ ನಿಜವಾದ ಅಳತೆ 1.5 ಮತ್ತು 3.5 ಇಂಚು ಆಗಿರುವುದರಿಂದ, ಮಿಲ್ಲಿನಲ್ಲಿ ಬೇಕಾದ ಗಾತ್ರಕ್ಕೆ ಕೊಯ್ಸಿ ತರುವ ನಮಗೆ ಆ ನಕ್ಷೆಗಳಲ್ಲಿನ ಮರದ ಅಳತೆಗಳ ಪಟ್ಟಿ ನೇರವಾಗಿ ಹೊಂದುವುದಿಲ್ಲ. ಆದ್ದರಿಂದ ಜೋಡಣೆಯನ್ನು ಮಾತ್ರ ಉಳಿಸಿಕೊಂಡು, ಗ್ರಾಫ್ ಕಾಗದದಲ್ಲಿ ಹತ್ತರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಹೊಸ ನಕ್ಷೆ ಬರೆದೆ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಸ್ಕೆಚ್‌ಅಪ್ ತಂತ್ರಾಂಶವನ್ನು ಬಳಸಬಹುದಿತ್ತು, ಆದರೆ ಒಂದೇ ಕಪಾಟಿಗೆ ಅದನ್ನು ಕಲಿಯುವ ಶ್ರಮ ಹೆಚ್ಚೆಂದು ನನ್ನ ಅಭಿಪ್ರಾಯ.

ಬಾಗಿಲಿನ ವಿಷಯದಲ್ಲಿ ಬಂದ ಸಲಹೆಯೇ ಅತ್ಯಂತ ಉಪಯುಕ್ತವಾಯಿತು. ಮರವು ಉದ್ದಕ್ಕೆ ಹಿಗ್ಗುವುದು ನಗಣ್ಯ, ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ; ಹಾಗಾಗಿ ನಡುವಿನ ಹಲಗೆಯನ್ನು ಅಂಟಿಸದೆ, ಚೌಕಟ್ಟಿನ ಒಳಬದಿಯಲ್ಲಿ ಕೊರೆದ ಸೀಳಿನೊಳಗೆ ಎರಡೂ ಬದಿಗಳಲ್ಲಿ ಸ್ವಲ್ಪ ಎಡೆಬಿಟ್ಟು ಕೂರಿಸುವಂತೆ ನಕ್ಷೆಯಲ್ಲಿಯೇ ತೋರಿಸಿದ್ದೇನೆ. ಪುಸ್ತಕಗಳ ಭಾರಕ್ಕೆ ತಟ್ಟುಗಳು ಬಾಗದಂತೆ ನಡುವೆ ಒಂದು ಅಡ್ಡಗೋಡೆಯನ್ನೂ ಸೇರಿಸಿದೆ.

ನಕ್ಷೆಯನ್ನು ನೋಡಿದ ಆಚಾರಿಯವರು ಕಾಗದವನ್ನು ಮಡಚಿಟ್ಟು, ಎಲ್ಲ ತಟ್ಟುಗಳ ಎತ್ತರವನ್ನು ಒಂದು ಉದ್ದನೆಯ ರೀಪಿನ ಮೇಲೆ ಪೂರ್ಣ ಗಾತ್ರದಲ್ಲಿ ಗುರುತಿಸಿಕೊಂಡರು. ಪ್ರತಿ ಬಾರಿ ಟೇಪು ಹಿಡಿಯುವುದಕ್ಕಿಂತ ಇದು ಖಚಿತ. ಹಲಗೆಗಳು ಈಗ ಚಾವಡಿಯಲ್ಲಿ ಒಣಗುತ್ತಿವೆ. ಕೆಲಸ ಮಳೆಗಾಲದ ನಂತರ ಆರಂಭವಾಗಲಿದೆ.